ಮುಚ್ಚಿದ ಗೇಟಿನ ಮುಂದೆ

ಇನ್ನು ಮನೆಗೇ ಕರ್ಕೊಂಡು ಹೋಗ್ರಿ ಅಂತ ಡಾಕ್ಟರು ಹೇಳಿದ ಮೇಲೆ, ಅಪ್ಪನನ್ನು ಕಾರಿನ ಹಿಂದಿನ ಸೀಟಲ್ಲಿ ಮಲಗಿಸಿಕೊಂಡು ಚಿತ್ರದುರ್ಗದಿಂದ ಹೊರಟೆ. ಚಿಕ್ಕಜಾಜೂರಿನ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಇಳಿದು ಗೇಟಿನವನಿಗೆ ಕೈಮುಗಿದೆ.

"ಅಪ್ಪನ ಜೀವ ಮನೇಲೇ ಹೋಗ್ಬೇಕು. ಒಂದು ನಿಮಿಷ ತೆಗೀರಿ ಅಣ್ಣ."

"ಗಾಡಿ ಬರೋ ಹೊತ್ತಾಗೈತೆ. ಆಗಲ್ಲ ಸಾರ್."

ನಾನು ದನಿ ಏರಿಸಿದೆ. ಅಷ್ಟರಲ್ಲಿ ಕಾರಿನೊಳಗಿಂದ ಅಪ್ಪ ಕರೆದ. ಮೂವತ್ತು ವರ್ಷ ಇಂಥದೇ ಗೇಟು ಕಾದವನು ಅವನು.

"ಲೇ, ಅವನನ್ನ ಬಿಡು. ನಿಮ್ಮವ್ವ ಹೆರಿಗೆ ನೋವಲ್ಲಿ ಎತ್ತಿನಗಾಡೀಲಿ ಬಂದಾಗ್ಲೂ ನಾನು ಗೇಟು ತೆಗೀಲಿಲ್ಲ. ಬಾ, ಕುಂತ್ಕ."

ಪಕ್ಕದಲ್ಲಿ ಕುಂತೆ. ರೈಲಿನ ಕೊನೇ ಡಬ್ಬಿ ದಾಟೋ ತನಕ ಅಪ್ಪ ನನ್ನ ಕೈ ಬಿಡಲಿಲ್ಲ.

ನಾನು ಎತ್ತಿನಗಾಡಿಯಲ್ಲೇ ಹುಟ್ಟಿದ್ದಕ್ಕೆ ನನ್ನ ಅವಸರವೇ ಕಾರಣ ಅಂತ ಅವ್ವ ಸಾಯೋ ತನಕ ಹೇಳುತ್ತಿದ್ದಳು.