ಐತಪ್ಪಣ್ಣನ ಎಡಬಾಗಿಲು

ಬಲಗಿವಿಯ ಹಿಂದೆ ತೆಂಗಿನಗರಿಯ ಪೊರಕೆಯ, ನಮ್ಮ ಕಡೆಯ ಹಿಡಿಸೂಡಿಯ, ಒಂದು ಕಡ್ಡಿ. ಬೇರೆ ಡ್ರೈವರುಗಳು ಬೀಡಿ ಸಿಕ್ಕಿಸಿಕೊಳ್ಳುವ ಜಾಗದಲ್ಲಿ ಐತಪ್ಪಣ್ಣ ಅದನ್ನು ಇಟ್ಟುಕೊಳ್ಳುತ್ತಿದ್ದರು. ಪಿಕಪ್ಪಿನ ಬಾಗಿಲುಗಳ ಅಡಿಯಂಚಿನಲ್ಲಿ ಸಣ್ಣ ತೂತುಗಳಿರುತ್ತವೆ. ಗಾಜಿನ ಸಂದಿಯಿಂದ ಇಳಿದ ಮಳೆನೀರು ಅಲ್ಲಿಂದ ಹೊರಗೆ ಹೋಗಬೇಕು. ಮಣ್ಣು ಕಟ್ಟಿ ಅವು ಮುಚ್ಚಿಕೊಂಡರೆ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ. ಗಾಡಿ ನಿಲ್ಲಿಸಿದಲ್ಲೆಲ್ಲ ಅವರು ಕುಕ್ಕರುಗಾಲಿನಲ್ಲಿ ಕೂತು, ಕಡ್ಡಿ ತೂರಿಸಿ ಆ ತೂತುಗಳನ್ನು ಬಿಡಿಸುತ್ತಿದ್ದರು. ತಮ್ಮದೇ ಗಾಡಿ ಆಗಬೇಕೆಂದಿರಲಿಲ್ಲ.

ಸಿದ್ಧಕಟ್ಟೆಯಲ್ಲಿ ಅವರು ನಮ್ಮ ನೆರೆಯವರು. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗಿಟ್ಟ ಪಿಕಪ್ಪೊಂದನ್ನು ಕೊಂಡು, ಬಂಟ್ವಾಳದಿಂದ ಮೂಡಬಿದಿರೆಗೆ ಹೆಂಚು, ಬೆಲ್ಲ, ಒಣಮೀನು ಸಾಗಿಸುತ್ತಿದ್ದರು. ನಾನು ಮದರಾಸಿನಲ್ಲಿ ಬಿ.ಎ. ಮುಗಿಸಿ ಬಂದು ಮೂಡಬಿದಿರೆಯ ಶಾಲೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಬಸ್ಸು ತಪ್ಪಿದ ದಿನಗಳಲ್ಲಿ ಅವರ ಪಕ್ಕದ ಸೀಟು ನನ್ನದಾಯಿತು. ನನಗೆ ಮಾತು ಕಡಿಮೆ. ಅದರಿಂದ ಅವರಿಗೇನೂ ಅಡ್ಡಿಯಾಗಲಿಲ್ಲ; ನನ್ನ ಪಾಲಿನದನ್ನೂ ಅವರೇ ಆಡುತ್ತಿದ್ದರು, ಹೆಚ್ಚಾಗಿ ತುಕ್ಕಿನ ಬಗ್ಗೆ.

“ತುಕ್ಕು ಕಾಣುವಲ್ಲಿ ಹುಟ್ಟುವುದಲ್ಲ ಮಗಾ. ಚಕ್ರದ ಮೇಲಿನ ತಗಡಿನ ಮಡಿಕೆಯಲ್ಲಿ ಮಣ್ಣು ಕೂತಿರ್ತದಲ್ಲ, ಅಲ್ಲಿ ಹುಟ್ಟುವುದು. ಕಾಲಡಿಯ ರಬ್ಬರಿನ ಕೆಳಗೆ. ಹಿಂದಿನ ಹಲಗೆ ಕಬ್ಬಿಣಕ್ಕೆ ಕೂತಲ್ಲಿ. ಒಣಮೀನಿನ ಉಪ್ಪುನೀರು ಅಲ್ಲಿಗೆ ಒಂದು ಸಲ ಇಳಿಯಿತೋ, ಮತ್ತೆ ದೇವರೇ ಗತಿ.”

ಹಲಸಿನಕಾಯಿ ತಟ್ಟಿ ನೋಡುವ ಹಾಗೆ ಅವರು ಕಂಡ ಗಾಡಿಗಳನ್ನೆಲ್ಲ ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದರು.

ಆದರೆ ಅವರ ಪಿಕಪ್ಪಿಗೆ ನಾನು ಎಡಬಾಗಿಲಿನಿಂದ ಹತ್ತಿದ್ದೇ ಇಲ್ಲ. ಅದನ್ನು ಹುರಿಹಗ್ಗದಿಂದ ಬಿಗಿದು ಕಟ್ಟಿದ್ದರು. ಅವರು ಇಳಿದು ನಿಲ್ಲುತ್ತಿದ್ದರು. ನಾನು ಅವರ ಕಡೆಯಿಂದ ಹತ್ತಿ ಆಚೆ ಸರಿದು ಕೂರುತ್ತಿದ್ದೆ. ಯಾಕೆಂದು ಕೇಳಲಿಲ್ಲ. ಊರಿನವರಿಗೆಲ್ಲ ಗೊತ್ತಿದ್ದದ್ದೇ.

ಹಿಂದೆ ಆ ಸೀಟಿನಲ್ಲಿ ಅವರ ಹೆಂಡತಿ ಕಮಲಕ್ಕ ಕೂರುತ್ತಿದ್ದರು. ಮಳೆಗಾಲದಲ್ಲಿ ಇಳಿಯಲೆಂದು ಬಾಗಿಲು ತೆರೆದಾಗ ಆ ತೂತುಗಳಿಂದ ತುಕ್ಕಿನ ಕೆಂಪು ನೀರು ಸೀರೆಯಂಚಿಗೆ ಸಿಡಿಯುತ್ತಿತ್ತು. ಒಗೆದರೆ ಹೋಗುವ ಕಲೆ ಅಲ್ಲ ಅದು. ಒಂದು ದಿನ ಕಮಲಕ್ಕ ಹಳೆಯ ನೀಲಿ ಸೀರೆಯನ್ನು ಹರಿದು, ಎಡಬಾಗಿಲಿನ ತೂತುಗಳಿಗೆಲ್ಲ ತುರುಕಿಬಿಟ್ಟರು. ಆಗ ನಾನಿನ್ನೂ ಶಾಲೆಯ ಹುಡುಗಿ. ಅವರ ಜಗಳ ನಮ್ಮ ಅಂಗಳಕ್ಕೆ ಕೇಳಿಸಿತ್ತು.

“ಮರ್ಲಾ ನಿನಗೆ, ಹುಚ್ಚಾ? ಬಾಗಿಲು ಕೊಳೀತದೆ!”

“ಕೊಳೆಯಲಿ. ನಿಮಗೆ ಬಾಗಿಲು ದೊಡ್ಡದಾ, ನನ್ನ ಸೀರೆಯಾ?”

“ಸೀರೆ ಮಾರಾಯ್ತಿ, ಸೀರೆ!”

ಆ ಮಳೆಗಾಲ ಮುಗಿಯುವ ಮೊದಲೇ ಕಮಲಕ್ಕನಿಗೆ ಜ್ವರ ಏರಿತು. ಅದೇ ಸೀಟಿನಲ್ಲಿ ಕೂರಿಸಿ ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ದರು. ಬರುವಾಗ ಹಿಂದೆ ಮಲಗಿಸಿಕೊಂಡು ಬಂದರು. ಬಟ್ಟೆ ಬಾಗಿಲಿನಲ್ಲಿ ಹಾಗೆಯೇ ಉಳಿಯಿತು. ಬಾಗಿಲು ಕೊಳೆತು ಸಡಿಲವಾದಾಗ ಅವರು ಹುರಿಹಗ್ಗ ಬಿಗಿದರು.

ಒಮ್ಮೆ ಊರಿನ ಧಣಿಯೊಬ್ಬರು ಬೆಳ್ತಂಗಡಿಯಿಂದ ಹಳೆಯ ಪಿಕಪ್ಪು ತಂದು, ಹೊಸ ಹಸಿರು ಬಣ್ಣ ಬಳಿಸಿ, ನೋಡಲು ಬಂದವರಿಗೆಲ್ಲ ಅವಲಕ್ಕಿ ಹಂಚಿದರು. ಮೂಡಬಿದಿರೆಗೆ ಹೊರಟಿದ್ದ ನಾವೂ ನಿಂತೆವು. ಐತಪ್ಪಣ್ಣ ಮಡ್‌ಗಾರ್ಡನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ಒಳಗೆ ಹೋಯಿತು.

“ಧಣಿಗಳೇ, ಇದು ಹಪ್ಪಳ. ಅವಲಕ್ಕಿಯ ಒಟ್ಟಿಗೆ ಇದನ್ನೂ ಹಂಚಿ.”

ಎಲ್ಲರೂ ನಕ್ಕರು. ಧಣಿಯ ಮುಖ ಕೆಂಪಾಯಿತು. “ನಿನ್ನ ಎಡಬಾಗಿಲಿಗೆ ಬೆರಳು ಹಾಕು ನೋಡುವ, ಧೈರ್ಯ ಉಂಟಾದರೆ!”

ನಗು ನಿಂತಿತು. ಐತಪ್ಪಣ್ಣ ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡು, “ಅದೂ ಸರಿಯೇ,” ಎಂದರು. ಅವರು ಮೂಡಬಿದಿರೆಯವರೆಗೂ ಮಾತಾಡದೆ ಗಾಡಿ ಓಡಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮುಂದೊಂದು ವರ್ಷ ಆಟಿ ತಿಂಗಳ ಜಡಿಮಳೆಯಲ್ಲಿ ಅವರು ಹಾಸಿಗೆ ಹಿಡಿದರು. ನಾನು ಗಂಜಿ ತೆಗೆದುಕೊಂಡು ಹೋದ ಸಂಜೆ ಚಾವಡಿಯಲ್ಲಿ ಮಲಗಿ, ಅಂಗಳದಲ್ಲಿ ನೆನೆಯುತ್ತಿದ್ದ ಪಿಕಪ್ಪನ್ನು ನೋಡುತ್ತಿದ್ದರು. ಕಡ್ಡಿ ಆಗಲೂ ಕಿವಿಯ ಹಿಂದೆ ಇತ್ತು.

“ಗಾಡಿ ಇನ್ನು ಬೆಳ್ತಂಗಡಿಯ ತಮ್ಮನಿಗೆ. ಅವನಿಗೆ ಮಕ್ಕಳುಂಟು. ಆ ಬಾಗಿಲಿಗೆ ಒರಗಿ ಕೂರ್ತಾವೆ. ಕೊಳೆತು ಕಳಚಿದರೆ ಎಂತ ಮಾಡುವುದು? ಆ ಬಟ್ಟೆ ತೆಗೀಬೇಕು ಮಗಾ. ಅದರ ಎದುರು ಎಷ್ಟು ಸಲ ಕೂತಿದ್ದೇನೆ. ಕೈ ಬರುವುದಿಲ್ಲ.”

“ನಾನು ತೆಗೆಯುತ್ತೇನೆ,” ಎಂದು ಎದ್ದೆ.

“ಈಗ ಬೇಡ,” ಎಂದರು. ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, “ನಾನು ಇರುವಾಗ ಬೇಡ.”

ಗಂಜಿಯಲ್ಲಿ ಅರ್ಧ ಹಾಗೆಯೇ ಉಳಿಯಿತು.

ಕೆಲವೇ ದಿನಗಳಲ್ಲಿ ಅವರು ಹೋದರು. ಬೆಳ್ತಂಗಡಿಯ ತಮ್ಮ ಬಂದು ಕೊಳ್ಳಿ ಇಟ್ಟರು. ಹೆಂಗಸರೆಲ್ಲ ಅಳುತ್ತಿದ್ದರು, ನನಗೆ ಅಳು ಬರಲಿಲ್ಲ. “ಓದಿದವರ ಎದೆ ಗಟ್ಟಿ,” ಎಂದು ಹಿಂದಿನಿಂದ ಯಾರೋ ಅಂದರು.

ಮರುದಿನ ಬೆಳಿಗ್ಗೆ ನಮ್ಮ ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದುಕೊಂಡು ಅವರ ಅಂಗಳಕ್ಕೆ ಹೋದೆ. ಅವರ ತಮ್ಮನಿಗೆ ತಿಳಿಸಿ, ಹುರಿಹಗ್ಗ ಬಿಚ್ಚಿ ಎಡಬಾಗಿಲು ತೆರೆದೆ. ಬಟ್ಟೆ ತುಂಡುತುಂಡಾಗಿ ಬಂತು, ಎಲ್ಲವೂ ಮಣ್ಣಿನ ಬಣ್ಣ. ಒಂದು ಮಡಿಕೆಯ ಒಳಗೆ ಮಾತ್ರ ನೀಲಿ ಉಳಿದಿತ್ತು. ಕೊನೆಯ ತೂತು ಬಿಟ್ಟುಕೊಂಡದ್ದೇ ಕೆಂಪು ನೀರು ಒಮ್ಮೆಲೇ ನುಗ್ಗಿ ನನ್ನ ಸೀರೆಯಂಚಿಗೆ ಸಿಡಿಯಿತು. ನಾನು ಹಿಂದೆ ಸರಿಯಲಿಲ್ಲ. ನೀರು ಪೂರಾ ಇಳಿಯುವವರೆಗೆ ಅಲ್ಲೇ ಕೂತಿದ್ದು, ಬಾಗಿಲನ್ನು ಮೆಲ್ಲಗೆ ಹಾಕಿ, ಅದೇ ಸೀರೆಯಲ್ಲಿ ಶಾಲೆಗೆ ಹೋದೆ.