ಜೋನಿ ಬೆಲ್ಲದ ಬ್ರೇಕು

ಲೈಸೆನ್ಸು ಸಿಕ್ಕಿ ಆರು ತಿಂಗಳಾದರೂ ನನ್ನ ಕಾರಿನ ಸವಾರಿ ಶಿರಸಿ ಮಾರ್ಕೆಟ್ಟು ದಾಟಿರಲಿಲ್ಲ. ಅದಕ್ಕಿಂತ ಮುಂದೆ ಹೋಗುವುದಾದರೆ ಸ್ಟೇರಿಂಗು ಇವರ ಕೈಗೆ, ನಾನು ಪಕ್ಕಕ್ಕೆ. ಐವತ್ತರ ಹತ್ತಿರ ಬಂದ ಹೆಂಗಸು ನಾನು, ಇನ್ನೆಷ್ಟು ದಿನ ತರಕಾರಿ ತರಲಿ? ಜಗಳವಾಡಿದೆ. ಎರಡು ದಿನ ಮಾತು ಬಿಟ್ಟೆ. ಕೊನೆಗೆ ಇವರೇ ಒಂದು ಶರತ್ತು ಹಾಕಿದರು: ದೇವಿಮನೆ ಘಟ್ಟ ಇಳಿದು ಕುಮಟೆಯ ತನಕ ನಾನೊಬ್ಬಳೇ ಕಾರು ಹೊಡೆದರೆ ಕೀಲಿ ನನ್ನದು. ನಡುವೆ ಒಂದೇ ಒಂದು ಸಲ ಸ್ಟೇರಿಂಗು ಬಿಟ್ಟುಕೊಟ್ಟರೆ ಮತ್ತೆ ಆ ಸುದ್ದಿಯೇ ಎತ್ತಬಾರದು.

ಕುಮಟೆಯಲ್ಲಿ ಅತ್ತೆಯ ತಂಗಿ ಇದ್ದಾರೆ. ಘಟ್ಟದ ಕೆಳಗಿನ ನೆಂಟರ ಮನೆಗೆ ನಾವು ಬರಿಗೈಯಲ್ಲಿ ಹೋಗುವುದುಂಟೇ? ಆಲೆಮನೆಯಿಂದ ಬಂದ ಹೊಸ ಜೋನಿ ಬೆಲ್ಲ, ಅಂದರೆ ನಮ್ಮ ಕಡೆಯ ನೀರು ಬೆಲ್ಲವನ್ನು, ಅತ್ತೆ ಒಂದು ದೊಡ್ಡ ಡಬ್ಬದ ತುಂಬ ಹೊಯ್ದು, ಮುಚ್ಚಳ ಸಿಗದೆ, ಬಾಡಿಸಿದ ಬಾಳೆಲೆ ಮುಚ್ಚಿ ಹಗ್ಗ ಕಟ್ಟಿದ್ದರು. ಹಿಂದಿನ ಸೀಟಿನಲ್ಲಿ ಕೂತು ಅದನ್ನು ಸರಿಯಾಗಿ ನನ್ನ ಸೀಟಿನ ಹಿಂದೆ ಇಟ್ಟುಕೊಂಡರು.

"ಅತ್ತೆ, ಅದು ಚೆಲ್ತಿಲ್ಲೆ ಅಲ್ದಾ?"

"ಚಳಿಗೆ ಕಲ್ಲಾಗಿ ಕೂತಿದ್ದು. ಎಲ್ಲಿಗೂ ಹೋಗ್ತಿಲ್ಲೆ, ನೀ ಹೊಡಿ."

ಹೊಡೆದೆ. ಚಪ್ಪಲಿ ಬಿಚ್ಚಿಟ್ಟು ಬರಿಗಾಲಲ್ಲಿ ಹೊಡೆದೆ, ಪೆಡಲು ಪಾದಕ್ಕೆ ತಾಗದಿದ್ದರೆ ನನಗೆ ಧೈರ್ಯವಿಲ್ಲ. ಮಾಗಿಯ ಬೆಳಗು, ರಸ್ತೆಯ ಮೇಲೆ ಇಬ್ಬನಿ ಎಷ್ಟು ದಟ್ಟವಾಗಿತ್ತೆಂದರೆ ಎದುರಿನ ಬೈಕು ಬರೀ ಒಂದು ಲೈಟಾಗಿ ಬರುತ್ತಿತ್ತು. ನನಗೋ ಹೇಳಲಾರದ ಖುಷಿ. ದಾರಿಯ ಮೇಲಿನ ಕೋಳಿಗೂ ಹಾರ್ನು, ಕರುವಿಗೂ ಹಾರ್ನು. ಇವರು ಮಾತ್ರ ಒಂದು ಕೈಯನ್ನು ಹ್ಯಾಂಡ್‌ಬ್ರೇಕಿನ ಮೇಲೆ ಇಟ್ಟವರು ತೆಗೆಯಲೇ ಇಲ್ಲ. "ಗೇರು ಇಳ್ಸು. ಎಡಕ್ಕೆ ತಗ. ಅಯ್ಯೋ, ಅಷ್ಟು ಎಡಕ್ಕೆ ಅಲ್ದೆ!"

"ನಿಂಗ ಸ್ವಲ್ಪ ಬಾಯಿ ಮುಚ್ಚಿ ಕೂರಿ," ಅಂದೆ.

ಹಿಂದಿನಿಂದ ಅತ್ತೆ, "ಆ ಹೀಟರ್ ಹಾಕೆ ಕೂಸೆ, ಕಾಲು ಮರಗಟ್ಟಿ ಹೋತು," ಅಂದರು. ಪೂರ್ತಿ ಹಾಕಿದೆ. ಬಿಸಿ ಗಾಳಿ ಸೀಟಿನಡಿಯಿಂದ ಹಿಂದಕ್ಕೆ ನುಗ್ಗಿತು. ಅತ್ತೆಗೆ ಹಿತವಾಗಿ ಕಣ್ಣು ಹತ್ತಿತು.

ಘಟ್ಟದ ತಲೆಯಲ್ಲಿ ದೇವಿಯ ಗುಡಿ. ಅಲ್ಲಿ ಗಾಡಿ ನಿಲ್ಲಿಸಿ ಕೈಮುಗಿಯದೆ ನಮ್ಮಲ್ಲಿ ಯಾರೂ ಘಟ್ಟ ಇಳಿಯುವುದಿಲ್ಲ. ಕೈಮುಗಿದು ಬಂದ ಇವರು ಬಲು ಪ್ರೀತಿಯಿಂದ, "ಸುಸ್ತಾದ್ರೆ ಹೇಳು, ಆನು ಹೊಡಿತೆ," ಅಂದರು. ಅಬ್ಬಾ, ಏನು ಕಾಳಜಿ! ನಾನು ಬಾಗಿಲು ಧಡಕ್ಕನೆ ಹಾಕಿಕೊಂಡೆ.

ಇಳಿಜಾರು ಶುರುವಾಗಿ ನಾಲ್ಕೈದು ತಿರುವು ದಾಟಿರಬೇಕು, ಹಿಮ್ಮಡಿಗೆ ಏನೋ ಬೆಚ್ಚಗೆ ತಾಗಿತು. ಹಿಂದೆಯೇ ಬೆಲ್ಲದ ಪರಿಮಳ. ಹೀಟರಿಗೆ ಕಲ್ಲು ಕರಗಿತ್ತು, ಇಳಿಜಾರಿಗೆ ಡಬ್ಬ ವಾಲಿತ್ತು, ಜೋನಿ ಬೆಲ್ಲ ಸೀಟಿನಡಿಯಿಂದ ನನ್ನ ಕಾಲಿಗೇ ಬಂದು ಸೇರಿತ್ತು. ಬಾಯಿ ಬಿಟ್ಟರೆ ಇವರು ಸ್ಟೇರಿಂಗು ಕಸಿಯುತ್ತಾರೆ. ಹೊಡೆಯುತ್ತಲೇ ಇದ್ದೆ. ಬಲಗಾಲು ಬ್ರೇಕಿಗೆ ಹೋಗಿ ಬರುವಾಗೆಲ್ಲ ಪಚಕ್, ಪಚಕ್ ಎಂದು ಸದ್ದು. ನಗು ಬಂತು ನೋಡಿ, ಹಿಡಿದಷ್ಟೂ ಹೊಟ್ಟೆಯೊಳಗಿಂದ ಒದ್ದುಕೊಂಡು ಬರುತ್ತಿತ್ತು.

"ಎಂತಕ್ಕೆ ನೆಗ್ಯಾಡ್ತೆ? ತಲೆ ಸರಿ ಇದ್ದ?"

ಅಷ್ಟರಲ್ಲಿ ತಿರುವಿನಲ್ಲಿ ಹುಬ್ಬಳ್ಳಿಯ ಬಸ್ಸು, ರಸ್ತೆಯೆಲ್ಲ ತನ್ನದೇ ಎಂಬಂತೆ ಮೇಲಕ್ಕೆ ಬಂತು. ಬ್ರೇಕು ಒತ್ತಿದೆ. ಎಡಗಾಲು ಕ್ಲಚ್ಚಿಗೆ ಎತ್ತಹೋದರೆ ಕೆಳಗಿನ ರಬ್ಬರ್ ಮ್ಯಾಟೂ ಕಾಲಿನ ಜೊತೆ ಎದ್ದು ಬಂತು! ಕಾರು ಒಮ್ಮೆ ಜಗ್ಗಿ, ಬಸ್ಸಿಗೆ ಒಂದು ಮಾರು ದೂರದಲ್ಲಿ ಇಂಜಿನ್ನು ಬಂದ್ ಆಗಿ ನಿಂತಿತು. ಇವರು ಹ್ಯಾಂಡ್‌ಬ್ರೇಕು ಎಳೆದರು.

"ಸಾಕು. ಇಳಿ. ಇನ್ನು ಆನು ಹೊಡಿತೆ."

"ಇಳಿಯಲೆ ಬತ್ತಿಲ್ಲೆ. ಕಾಲು ಅಂಟಿದ್ದು."

ಅತ್ತೆಗೆ ಎಚ್ಚರವಾಯಿತು. ಬಗ್ಗಿ ನೋಡಿ, "ಅಯ್ಯಯ್ಯೋ, ಯನ್ನ ಬೆಲ್ಲ!" ಎಂದು ಕೂಗಿದರು. ಇನ್ನು ನನ್ನ ಕೈಲಿ ಆಗಲಿಲ್ಲ, ಸ್ಟೇರಿಂಗಿಗೆ ಹಣೆ ಹಚ್ಚಿ ಕಣ್ಣಲ್ಲಿ ನೀರು ಬರುವಂತೆ ನಕ್ಕೆ. ಬಸ್ಸಿನ ಡ್ರೈವರು ಇಳಿದು ಬಂದು ಒಳಗೆ ಇಣುಕಿದ. "ಏನ್ರೀ ಅಕ್ಕಾರ, ಬೆಲ್ಲದಾಗ ಗಾಡಿ ಹೊಡಿಯಾಕ ಹತ್ತೀರಿ? ಆದ್ರೂ ಮಸ್ತ್ ನಿಲ್ಲಿಸಿದ್ರಿ ಬಿಡ್ರಿ," ಎಂದು ತನ್ನ ಐದು ಲೀಟರಿನ ನೀರಿನ ಕ್ಯಾನು ಕೊಟ್ಟ. ಕಿಟಕಿಯಿಂದ ಬಸ್ಸಿಗೆ ಬಸ್ಸೇ ಇಣುಕುತ್ತಿತ್ತು. ಕಾರನ್ನು ಬದಿಗೆ ತಳ್ಳಿ, ಕಾಲು ತೊಳೆದು, ಪೆಡಲು ತೊಳೆದು, ಮ್ಯಾಟು ಡಿಕ್ಕಿಗೆ ಹಾಕಿ, ಬಸ್ಸು ಮೇಲೆ ಹೋಗುವ ಹೊತ್ತಿಗೆ ಇಬ್ಬನಿ ಹರಿದು ಬಿಸಿಲು ಬಂದಿತ್ತು.

ತಿರುಗಿ ನೋಡುತ್ತೇನೆ, ಇವರು ಕೀಲಿ ಹಿಡಿದು ಡ್ರೈವರ್ ಬಾಗಿಲ ಹತ್ತಿರ ನಿಂತಿದ್ದಾರೆ. ನನ್ನ ನಗುವೆಲ್ಲ ಅಲ್ಲಿಗೇ ಇಂಗಿತು. ಅತ್ತರೆ ಸೋತ ಹಾಗೆ ಎಂದು ಕಾಡಿನ ಕಡೆ ಮುಖ ಮಾಡಿದೆ.

ಅತ್ತೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದಿನ ಸೀಟಿನಿಂದ ಇಳಿದರು. ಬೆಲ್ಲದ ಮೇಲಿನ ಸಿಟ್ಟೆಲ್ಲ ಈಗ ನನಗೆ ಬೀಳುತ್ತದೆ ಎಂದುಕೊಂಡೆ. ಅವರು ಮಗನ ಕೈಯಿಂದ ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಬೆಲ್ಲ ಚೆಲ್ಲಿದ್ದು ಯನ್ನ ತಪ್ಪು. ಗಾಡಿ ನಿಲ್ಸಿದ್ದು ಅವಳು. ನೀ ಹಿಂದೆ ಕೂರು ತಮಾ, ಡಬ್ಬ ಹಿಡ್ಕ. ಆನು ಮುಂದೆ ಕೂರ್ತೆ."

"ನೀನಾ? ಮುಂದಾ?"

"ಹೌದು. ಹಿಂದೆ ಕೂತು ಮೊದಲು ನಿನ್ನಪ್ಪನ ಬೆನ್ನು, ಆಮೇಲೆ ನಿನ್ನ ಬೆನ್ನು. ಘಟ್ಟ ಹೇಳಿ ಆನು ಇಲ್ಲಿವರೆಗೆ ನೋಡಿದ್ದು ಅಷ್ಟೇಯ."

ಇವರು ಡಬ್ಬ ತಬ್ಬಿಕೊಂಡು ಹಿಂದೆ ಕೂತರು. ಬೆಲ್ಟು ಹಾಕಲು ಬಾರದ ಅತ್ತೆಗೆ ನಾನೇ ಹಾಕಿದೆ. ಮುಂದಿನ ತಿರುವಿನಲ್ಲಿ ಕಣಿವೆ ಪೂರ್ತಿ ತೆರೆದುಕೊಂಡಿತು, ಗುಡ್ಡದ ಹಿಂದೆ ಗುಡ್ಡ, ನಡುವೆ ಉಳಿದ ಬಿಳಿ ಇಬ್ಬನಿ. ಅತ್ತೆ ಡ್ಯಾಶ್‌ಬೋರ್ಡಿಗೆ ಎರಡೂ ಕೈ ಊರಿ ಮುಂದಕ್ಕೆ ಬಗ್ಗಿದರು.

"ಇಷ್ಟು ಚೊಲೋ ಇದ್ದು ಹೇಳಿ ಯಾರೂ ಹೇಳಿದ್ವಿಲ್ಲೆ ಕೂಸೆ."

ಅತ್ತೆ ಇನ್ನಷ್ಟು ನೋಡಲಿ ಎಂದು ನಾನು ಎರಡನೇ ಗೇರಿಗೆ ಇಳಿಸಿ, ಹಿಂದೆ ಬರುತ್ತಿದ್ದ ಲಾರಿಗೆ ಮುಂದೆ ಹೋಗು ಎಂದು ಕೈ ಬೀಸಿದೆ.