ಮಹಡಿ ಮೇಲಿದ್ದ ತಾಯಿ ಮಗಳು

ಅವರೆಕಾಯಿ ಕಾಲ. ಮಾರೇನಹಳ್ಳಿಯ ನಮ್ಮ ಮನೆಯ ಮಹಡಿಗೆ ಇಟಲಿಯಿಂದ ಒಬ್ಬ ಹೆಂಗಸು ಬಂದರು. ದತ್ತು ತಗೊಂಡ ಮಗುವಿಗೆ ಪಾಸ್‌ಪೋರ್ಟ್ ಸಿಗುವವರೆಗೆ ಅವರು ಬೆಂಗಳೂರಲ್ಲೇ ಇರಬೇಕಿತ್ತು. ಮಹಡಿ ಅವರಿಗೆ ಕೊಡ್ತೀಯಾ ಅಂತ ಆಫೀಸಿನ ಗೆಳತಿಯೊಬ್ಬಳು ಕೇಳಿದಾಗ ನಾನು ಹೂಂ ಅಂದುಬಿಟ್ಟಿದ್ದೆ. ನನಗೆ ಮದುವೆಯಾಗಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಟಿ.ವಿ. ಬಿಟ್ಟರೆ ಬೇರೆ ದನಿಯೇ ಇರಲಿಲ್ಲ.

ಮಗುವಿಗೆ ಐದು ವರ್ಷ. ಕನ್ನಡ ಬಿಟ್ಟು ಬೇರೇನೂ ಬಾರದು. ತಾಯಿಗೆ ಕನ್ನಡದ ಒಂದಕ್ಷರವೂ ಬಾರದು. ಇಬ್ಬರ ನಡುವೆ ನಾನು, ನನ್ನ ಹರಕುಮುರುಕು ಇಂಗ್ಲಿಷು.

“ಆಂಟಿ, ಅವ್ರು ಏನ್ ಹೇಳ್ತಿದಾರೆ?”

“ಅವ್ರು ಅಂತ ಅನ್ಬಾರ್ದು ಪುಟ್ಟಿ, ಅಮ್ಮ ಅನ್ನು. ತಲೆ ಬಾಚ್ಲಾ ಅಂತ ಕೇಳ್ತಿದಾರೆ.”

“ನೀವೇ ಬಾಚಿ.”

ನಾನು ಬಾಚಿದೆ. ಬಾಚುವುದು ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಊಟ ಮಾಡಿಸುವುದೂ ನನ್ನ ಕೆಲಸವೇ ಆಯಿತು. ಆ ತಾಯಿ ಪಕ್ಕದಲ್ಲಿ ಕೂತು ನಾನು ಅನ್ನ ಕಲಸುವುದನ್ನೇ ನೋಡುತ್ತಿದ್ದರು. ತಾವೂ ಕೈಯಲ್ಲಿ ಕಲಸಲು ಹೋಗಿ ಸಾರು ಮೊಣಕೈವರೆಗೆ ಇಳಿಸಿಕೊಳ್ಳುತ್ತಿದ್ದರು. ಮಾರ್ಕೆಟ್ಟಿಗೆ ನನ್ನ ಜೊತೆ ಬಂದು ಹೂವು ಕೊಂಡು ಮುಡಿದರು. ಹೂವಿನವಳು ನಕ್ಕಾಗ ತಾವೂ ನಕ್ಕರು.

ಒಂದು ಸಂಜೆ ಅವರೇ ಕೆಳಗಿಳಿದು ಬಂದು ಬಾಗಿಲಲ್ಲಿ ನಿಂತರು. ಇಂಗ್ಲಿಷಿನಲ್ಲಿ, ಒಂದೊಂದೇ ಮಾತು ಹುಡುಕಿ ಹೇಳಿದರು: “ತಪ್ಪು ತಿಳ್ಕೋಬೇಡಿ. ಅವಳು ಎಲ್ಲದಕ್ಕೂ ನಿಮ್ಮನ್ನೇ ಹುಡುಕ್ತಾಳೆ. ಸ್ವಲ್ಪ ದಿನ ನೀವು ಮೇಲೆ ಬರದೆ ಇದ್ದರೆ…” ಮುಂದೆ ಹೇಳಲಾರದೆ ಅತ್ತರು.

ಅವರ ಮಾತಿನಲ್ಲಿ ತಪ್ಪೇನಿತ್ತು? ಆಗಲಿ ಅಂದೆ. ಬಾಗಿಲು ಹಾಕಿಕೊಂಡ ಮೇಲೆ ನನಗೂ ಅಳು ಬಂತು.

ಆಮೇಲೆ ಬರೀ ಸದ್ದು ಕೇಳುತ್ತಿತ್ತು. ಮಗು ಓಡುವ ಸದ್ದು, ಹಟ ಮಾಡುವ ಸದ್ದು. ಮಗು ಅತ್ತಾಗಲೆಲ್ಲ ಮೆಟ್ಟಿಲವರೆಗೆ ಹೋಗಿ ತಿರುಗಿ ಬರುತ್ತಿದ್ದೆ. ಒಂದು ಮಧ್ಯಾಹ್ನ ಅದೇ ಕೆಳಗೆ ಬಂತು.

“ಆಂಟಿ, ನನ್ಮೇಲೆ ಕೋಪಾನಾ?”

“ಇಲ್ಲ ಕಣೇ. ಅಮ್ಮ ಕಾಯ್ತಿರ್ತಾರೆ, ಹೋಗು.”

ಎತ್ತಿಕೊಳ್ಳಲಿಲ್ಲ. ಎತ್ತಿಕೊಂಡಿದ್ದರೆ ಬಿಡಲು ನನ್ನಿಂದ ಆಗುತ್ತಿರಲಿಲ್ಲ.

ಅದಾದ ಮೇಲೆ ಒಂದು ಭಾನುವಾರ ಒಣಗಿದ ಬಟ್ಟೆ ತರಲು ಟೆರೇಸಿಗೆ ಹೋದೆ. ಇಬ್ಬರೂ ನೆನೆಹಾಕಿದ ಅವರೆಕಾಳು ಹಿಸುಕುತ್ತಾ ಕೂತಿದ್ದರು. ತಾಯಿ ಹಿಸುಕಿದ ಬೇಳೆ ಚಿಮ್ಮಿ ಮಗುವಿನ ಹಣೆಗೆ ಬಡಿಯಿತು. ಮಗು ಬಿದ್ದು ಬಿದ್ದು ನಕ್ಕಿತು, ತಾನೂ ಒಂದು ಬೇಳೆ ಚಿಮ್ಮಿಸಿತು. “ಅಮ್ಮಾ, ಇನ್ನೊಂದು!” ನಾನು ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಬಟ್ಟೆ ಅಲ್ಲೇ ಬಿಟ್ಟು ಇಳಿದು ಬಂದೆ. ಸಮಾಧಾನವೂ ಆಗಿತ್ತು, ಬೇಜಾರೂ ಆಗಿತ್ತು.

ಪಾಸ್‌ಪೋರ್ಟ್ ಬಂತು. ಹೊರಡುವಾಗ ತಾಯಿ ನನ್ನನ್ನು ಬಿಗಿಯಾಗಿ ಅಪ್ಪಿಕೊಂಡರು. ಮಗುವಿಗೆ ವಿಮಾನದ ಸಡಗರ. ಕಾರಿನ ಕಿಟಕಿಯಿಂದ ಟಾಟಾ ಮಾಡಿ ಆಚೆ ತಿರುಗಿಕೊಂಡಿತು.

ಮರುವರ್ಷ ಒಂದು ಭಾನುವಾರ ವೀಡಿಯೊ ಕಾಲ್ ಬಂತು. ಮಗು ಬಿದ್ದ ಹಲ್ಲಿನ ಜಾಗ ತೋರಿಸಿ ಇಟಾಲಿಯನ್ನಿನಲ್ಲಿ ಏನೇನೋ ಹೇಳಿತು. “ಊಟ ಆಯ್ತಾ ಪುಟ್ಟಿ?” ಅಂದೆ. ಅದಕ್ಕೆ ಅರ್ಥವಾಗಲಿಲ್ಲ, ಸುಮ್ಮನೆ ನಕ್ಕಿತು. ಚೆನ್ನಾಗಿದೆಯಲ್ಲ, ಅಷ್ಟು ಸಾಕು ಅಂದುಕೊಂಡೆ.

ಫೋನಿಟ್ಟ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಬಾಪೂಜಿ ನಗರದಲ್ಲಿರುವ ದೊಡ್ಡಮ್ಮನ ಮಗಳ ಮನೆಗೆ ಹೋದೆ. ಬೀಗ ಹಾಕಿತ್ತು. ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತು, ಬೇಗ ಮನೆ ಸೇರುವ ಮನಸ್ಸಾಗದೆ, ಬಸ್ಸು ಹತ್ತದೆ ನಡೆದೇ ವಾಪಸ್ಸು ಬಂದೆ.